ಮುಪ್ಪಾನೆಯ ದಡದಲ್ಲಿ ಟೆಂಟು, ನೀರಿನ ಕೆಳಗೆ ಅತ್ತೆಯ ಊರು

ಗಂಡ ಹೆಂಡತಿ ಇಬ್ಬರೇ ಎಲ್ಲಾದರೂ ಹೋಗಿ ತಂಗಿ ಬರಬೇಕು ಅಂತ ಆಸೆ ಇರುವವರಿಗೆ ನಾನು ಹೇಳುವುದಿಷ್ಟೇ: ರೆಸಾರ್ಟ್ ಬಿಡಿ, ಶರಾವತಿ ಹಿನ್ನೀರಿನ ದಡಕ್ಕೆ ಹೋಗಿ. ಆದರೆ ಹೋಗುವ ಮೊದಲು ಆ ನೀರು ಯಾರ ಗದ್ದೆಯ ಮೇಲೆ, ಯಾರ ಅಂಗಳದ ಮೇಲೆ ನಿಂತಿದೆ ಅಂತ ಸ್ವಲ್ಪ ತಿಳಿದುಕೊಂಡು ಹೋಗಿ.

ಈ ವರ್ಷ ಗಣರಾಜ್ಯೋತ್ಸವ ಸೋಮವಾರ ಬಿತ್ತು. ಶನಿವಾರ ಬೆಳಗ್ಗೆ ಶಿವಮೊಗ್ಗ ಬಿಟ್ಟರೆ ಸೋಮವಾರ ಸಂಜೆವರೆಗೂ ನಮ್ಮದೇ. ಇಂಥ ಸಾಲು ರಜೆಯಲ್ಲಿ ಜೋಗದ ರಸ್ತೆ ಹೇಗಿರುತ್ತದೆ ಅಂತ ತಾಳಗುಪ್ಪದವರನ್ನು ಕೇಳಿ ನೋಡಿ. ಕಾರಿನ ಹಿಂದೆ ಕಾರು. ಎಲ್ಲರೂ ಹೋಗುವುದು ಜಲಪಾತ ನೋಡಲು, ಆದರೆ ಜನವರಿಯಲ್ಲಿ ಅಲ್ಲಿ ನೀರು ಕಡಿಮೆ. ರಾಜ, ರಾಣಿ, ರೋರರ್, ರಾಕೆಟ್ ಎಲ್ಲವೂ ಸಣ್ಣಗೆ ಇಳಿಯುತ್ತಿರುತ್ತವೆ. ಮಳೆಗಾಲದಲ್ಲಿ ಸುರಿದ ನೀರೆಲ್ಲ ಮೇಲೆ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ನಿಂತಿರುತ್ತದೆ. ನಾವು ಹೋಗಿದ್ದು ಆ ನಿಂತ ನೀರಿನ ಹತ್ತಿರಕ್ಕೆ.

ಜಾಗದ ಹೆಸರು ಮುಪ್ಪಾನೆ. ಜೋಗ ದಾಟಿ, ಕಾರ್ಗಲ್ ದಾಟಿ, ಭಟ್ಕಳದ ಕಡೆ ಹೋಗುವ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಕಾಡಿನ ದಾರಿಗೆ ತಿರುಗಬೇಕು. ಶರಾವತಿ ಕಣಿವೆ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯವರದೇ ಪ್ರಕೃತಿ ಶಿಬಿರ ಅದು. 1972ರಲ್ಲಿ ಅಭಯಾರಣ್ಯವಾಗಿದ್ದ ಈ ಕಾಡಿಗೆ 2019ರಲ್ಲಿ ಪಕ್ಕದ ಅಘನಾಶಿನಿ ಕಾಡನ್ನೂ ಸೇರಿಸಿದರು. ಈಗ ಅದರ ಹೆಸರು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ. ಸಿಂಗಳೀಕ ಅಂದರೆ ಮುಖದ ಸುತ್ತ ಬೂದು ಕೇಸರ ಇರುವ ಕಪ್ಪು ಕೋತಿ, ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ನಮಗೆ ಕಾಣಿಸಲಿಲ್ಲ. ಅವು ಎತ್ತರದ ಮರಗಳ ನೆತ್ತಿಯಲ್ಲೇ ಓಡಾಡಿಕೊಂಡಿರುತ್ತವೆ, ನೆಲಕ್ಕೆ ಇಳಿಯುವುದು ಅಪರೂಪ. ಒಂದು ಕೆಂಜಳಿಲು ಮಾತ್ರ ಟೆಂಟಿನ ಮೇಲಿನ ಕೊಂಬೆಯಲ್ಲಿ ಉದ್ದ ಬಾಲ ಇಳಿಬಿಟ್ಟುಕೊಂಡು ತುಂಬಾ ಹೊತ್ತು ಕೂತಿತ್ತು.

ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ, ನೀವಿಬ್ಬರೇ ಹೋಗಿ ಬನ್ನಿ ಅಂತ ಹೊರಡಿಸಿದ್ದು ಅತ್ತೆ. ನಮ್ಮತ್ತೆಗೆ ಈಗ ಹತ್ತಿರ ಹತ್ತಿರ ಎಪ್ಪತ್ತು. ಹೊರಡುವ ಹಿಂದಿನ ರಾತ್ರಿ ಕೂತು ಅಕ್ಕಿ ರೊಟ್ಟಿ ತಟ್ಟಿಕೊಟ್ಟರು. ಒಂದು ಡಬ್ಬಿ ಕಾಯಿ ಚಟ್ನಿ, ಇನ್ನೊಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ. "ಶಿಬಿರದಲ್ಲಿ ಊಟ ಕೊಡ್ತಾರಂತೆ ಅತ್ತೆ" ಅಂದರೂ ಕೇಳಲಿಲ್ಲ. ಆಯನೂರು, ಆನಂದಪುರ ದಾಟಿ ಸಾಗರ ಬರುವಷ್ಟರಲ್ಲಿ ಆ ರೊಟ್ಟಿಯಲ್ಲಿ ಅರ್ಧ ಖಾಲಿಯಾಗಿತ್ತು. ಆಗ ಅಡಿಕೆ ಕೊನೆ ಕೊಯ್ಲಿನ ಕಾಲ ಬೇರೆ. ಆನಂದಪುರದಿಂದಾಚೆ ಕಾರಿನ ಕಿಟಕಿ ಇಳಿಸಿದರೆ ಸಾಕು, ಅಡಿಕೆ ಬೇಯಿಸುವ ವಾಸನೆ. ಅಂಗಳದ ತುಂಬಾ ಚಪ್ಪರ, ಚಪ್ಪರದ ಮೇಲೆ ಒಣಗಲು ಹರವಿದ ಅಡಿಕೆ. ಈ ದಿನಗಳಲ್ಲಿ ಮಲೆನಾಡು ಎಷ್ಟು ಚೆಂದ ಇರುತ್ತದೆ ಅಂದರೆ, ಮಳೆಗಾಲದಲ್ಲಿ ಮಾತ್ರ ಬರುವವರಿಗೆ ಅದು ಗೊತ್ತೇ ಆಗುವುದಿಲ್ಲ.

ಶಿಬಿರಕ್ಕೆ ಹೋದ ತಕ್ಷಣ ಸಿಬ್ಬಂದಿ ಮೊದಲು ಹೇಳಿದ್ದು ಉಣುಗಿನ, ಅಂದರೆ ರಕ್ತ ಹೀರುವ ಉಣ್ಣೆಯ ವಿಷಯ. ಒಳ್ಳೆಯದಾಯಿತು. ಇದನ್ನು ನಾನೂ ವಿವರವಾಗಿ ಹೇಳಲೇಬೇಕು, ಯಾಕೆಂದರೆ ಹೊರಗಿನಿಂದ ಬಂದು ಕಾಡಿನಲ್ಲಿ ಟೆಂಟ್ ಹಾಕುವ ಎಷ್ಟೋ ಜನರಿಗೆ ಇದರ ಅರಿವೇ ಇಲ್ಲ. ಮಂಗನ ಕಾಯಿಲೆ ನಮ್ಮ ಜಿಲ್ಲೆಯದೇ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತಾಗ ಗೊತ್ತಾಗಿದ್ದು. ಹಾಗಾಗಿಯೇ ಪ್ರಪಂಚದ ವೈದ್ಯರೆಲ್ಲ ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಅಂತಲೇ ಕರೆಯುತ್ತಾರೆ. ಹರಡುವುದು ಉಣುಗಿನಿಂದ. ಮಳೆ ನಿಂತು ತರಗೆಲೆ ಒಣಗಿದ ಮೇಲೆ, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಮರಿ ಉಣುಗುಗಳು ಜಾಸ್ತಿ. ಸಾಸಿವೆಗಿಂತ ಚಿಕ್ಕವು, ಕಚ್ಚಿದ್ದು ಗೊತ್ತಾಗುವುದಿಲ್ಲ. ಈ ಮುಪ್ಪಾನೆಗೆ ದೂರವೇನೂ ಅಲ್ಲದ ಅರಳಗೋಡಿನಲ್ಲಿ 2018ರ ಕೊನೆ, 2019ರ ಶುರುವಿನಲ್ಲಿ ಕಾಯಿಲೆ ಬಂದು ಹಲವರು ತೀರಿಕೊಂಡರು. ಆಗ ಸಾಗರ ತಾಲೂಕಿನ ಎಷ್ಟೋ ಮನೆಯವರು ದರಗು, ಅಂದರೆ ಒಣ ತರಗೆಲೆ, ಗುಡಿಸಿ ತರಲು ಕಾಡಿಗೆ ಹೋಗುವುದಕ್ಕೇ ಹೆದರಿದ್ದರು. ತೋಟಕ್ಕೆ ದರಗು, ಕೊಟ್ಟಿಗೆಗೆ ಸೊಪ್ಪು ಬೇಕಾದವರು ಕಾಡಿಗೆ ಹೋಗದೆ ಹೇಗೆ ಇರಲು ಸಾಧ್ಯ ಹೇಳಿ. ನಾವು ಖುಷಿಗೆ ಹೋಗುತ್ತೇವೆ, ಅವರು ಹೋಗಲೇಬೇಕಾಗಿ ಹೋಗುತ್ತಾರೆ.

ಹಾಗಾಗಿ ನಾವು ಮಾಡಿದ್ದು ಇಷ್ಟು. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿಕೊಂಡೆವು. ಆರೋಗ್ಯ ಇಲಾಖೆಯವರು ಊರಿನ ಜನರಿಗೆ ಕೊಡುವ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೆವು. ತರಗೆಲೆಯ ಮೇಲೆ ಕೂರುವುದಿಲ್ಲ, ಮಲಗುವುದಂತೂ ಇಲ್ಲವೇ ಇಲ್ಲ. ಕಾಡಿನ ದಾರಿಯಲ್ಲಿ ನಡೆದು ಬಂದ ಮೇಲೆ ಬಿಸಿ ನೀರಿನಲ್ಲಿ ಸೋಪು ಹಾಕಿ ಉಜ್ಜಿ ಸ್ನಾನ, ಬಟ್ಟೆ ಬೇರೆ. ನಮ್ಮನೆಯವರ ಬೆನ್ನು, ಕಿವಿಯ ಹಿಂದೆ, ಮೊಣಕಾಲಿನ ಹಿಂದೆ ನಾನು ಟಾರ್ಚ್ ಹಿಡಿದು ನೋಡುವುದು, ನನ್ನದನ್ನು ಅವರು ನೋಡುವುದು. ಜೋಡಿಯಾಗಿ ಹೋಗುವುದರ ದೊಡ್ಡ ಅನುಕೂಲ ಅದು. ಎಲ್ಲಾದರೂ ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಅಲ್ಲಿನವರಿಗೆ ತಿಳಿಸಿ. ಬಂದ ಮೇಲೆ ಒಂದೆರಡು ವಾರದೊಳಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಸುಮ್ನೆ ಮಾತ್ರೆ ನುಂಗಿಕೊಂಡು ಕೂರದೆ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ಟೆಂಟಿನ ಬಾಗಿಲು ನೀರಿನ ಕಡೆಗೆ. ಸಂಜೆಗೆ ಬಿಸಿಲು ಇಳಿದ ಕೂಡಲೇ ಚಳಿ ಏರಿತು. ಹಿನ್ನೀರಿನ ಚಳಿ ಊರಿನ ಚಳಿಯ ಹಾಗಲ್ಲ, ಕಾಲಿನಿಂದ ಹತ್ತುತ್ತದೆ. ಶಿಬಿರದವರು ಅದಕ್ಕೆಂದೇ ಇಟ್ಟ ಜಾಗದಲ್ಲಿ ಬೆಂಕಿ ಹಾಕಿಕೊಟ್ಟರು. ಅಭಯಾರಣ್ಯದೊಳಗೆ ಕಂಡಕಂಡಲ್ಲಿ ಬೆಂಕಿ ಹಾಕುವ ಹಾಗಿಲ್ಲ, ಹಾಕಲೂಬಾರದು. ಜನವರಿಯಿಂದಾಚೆ ಒಂದು ಕಿಡಿ ಸಾಕು, ಗುಡ್ಡದ ಒಣಹುಲ್ಲು ಹತ್ತಿಕೊಂಡರೆ ಆರಿಸುವವರು ಸೊಪ್ಪು ಹಿಡಿದ ವಾಚರ್‌ಗಳು ಮಾತ್ರ. ಊಟಕ್ಕೆ ಅನ್ನ, ಬಿಸಿ ಸಾರು, ಹಪ್ಪಳ. ಉಳಿದ ರೊಟ್ಟಿಯನ್ನು ಕೆಂಡದ ಮೇಲೆ ಕಾಯಿಸಿದೆವು. ಅಂಚು ಗರಿಗರಿಯಾಗಿ, ಮಧ್ಯೆ ಸ್ವಲ್ಪ ಸುಟ್ಟು, ಅದಕ್ಕೆ ಮಿಡಿಯ ಖಾರದ ರಸ. ಅತ್ತೆ ಯಾಕೆ ಹಟ ಹಿಡಿದು ಕಟ್ಟಿಕೊಟ್ಟರು ಅಂತ ಆಗ ಗೊತ್ತಾಯಿತು.

ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಮೊದಲ ಒಂದು ಗಂಟೆ ಇಬ್ಬರಿಗೂ ಏನು ಮಾತಾಡಬೇಕು ಅಂತಲೇ ತೋಚಲಿಲ್ಲ. ಮನೆಯಲ್ಲಿ ನಮ್ಮ ಮಾತೆಲ್ಲ ಸ್ಕೂಲ್ ಫೀಸು, ಗ್ಯಾಸು, ಯಾರ ಮದುವೆಗೆ ಯಾರು ಹೋಗಬೇಕು ಅನ್ನುವುದರಲ್ಲೇ ಮುಗಿದುಹೋಗುತ್ತದೆ. ಇಲ್ಲಿ ಅದ್ಯಾವುದೂ ಇಲ್ಲ. ನೀರಿನಾಚೆ ಒಂದರ ಹಿಂದೆ ಒಂದು ಗುಡ್ಡ, ಮಧ್ಯೆ ಮಧ್ಯೆ ನಡುಗಡ್ಡೆಗಳು, ಅವುಗಳ ಸುತ್ತ ನೀರು ಇಳಿದ ಕಡೆ ಕೆಂಪು ಮಣ್ಣಿನ ಪಟ್ಟಿ. ಕಾಡಿನೊಳಗಿಂದ ನತ್ತಿಂಗನ ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ನಮ್ಮನೆಯವರು ಕೈ ತೋರಿಸಿ, "ಆ ಕಡೆ ಎಲ್ಲೋ ಅಮ್ಮನ ಊರು" ಅಂದರು.

ಅತ್ತೆಯ ತವರು ಮುಳುಗಡೆ ಊರು ಅಂತ ಮದುವೆಯಾದಾಗಿನಿಂದ ನನಗೆ ಗೊತ್ತು. ಶಿವಮೊಗ್ಗದ ಕಡೆ ಮುಳುಗಡೆಯವರು ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಪ್ರತಿ ಊರಲ್ಲೂ ಒಂದಷ್ಟು ಮನೆ ಇರುತ್ತವೆ. ಆದರೆ ಆ ರಾತ್ರಿ ಇವರು ಹೇಳಿದಷ್ಟು ವಿವರವಾಗಿ ನಾನು ಯಾವತ್ತೂ ಕೇಳಿರಲಿಲ್ಲ. ಕರೂರು ಹೋಬಳಿಯ ಒಂದು ಊರು. ಹೊಳೆಯ ಪಕ್ಕದ ಗದ್ದೆ, ಹಿಂದೆ ತೋಟ. ಲಿಂಗನಮಕ್ಕಿ ಕಟ್ಟಿ ಮುಗಿದಿದ್ದು 1964ರಲ್ಲಿ. ಅತ್ತೆಗೆ ಆಗ ಏಳೋ ಎಂಟೋ ವರ್ಷ. ದೊಡ್ಡವರು ಮನೆಯ ಹೆಂಚು ಒಂದೊಂದಾಗಿ ಇಳಿಸಿ, ಕಂಬ, ತೊಲೆ, ಬಾಗಿಲು ಕಿತ್ತು ಲಾರಿಗೆ ಹೇರಿದರಂತೆ. ಆಮೇಲೆ ಪಾತ್ರೆ, ಆಮೇಲೆ ಮಕ್ಕಳು. ದನಗಳನ್ನು ನಡೆಸಿಕೊಂಡು ಹೋಗಲು ಇಬ್ಬರು ಹಿಂದೆ ಉಳಿದರಂತೆ. ಲಾರಿ ಇಳಿಸಿದ್ದು ಎಲ್ಲಿ ಅಂದರೆ ಶಿವಮೊಗ್ಗ ತಾಲೂಕಿನ ಒಂದು ಕಾಡಿನಲ್ಲಿ. ಗದ್ದೆ ಇಲ್ಲ, ಬಾವಿ ಇಲ್ಲ, ಗುರುತಿನ ಮುಖ ಇಲ್ಲ. ಮರ ಕಡಿದು ಹೊಸದಾಗಿ ಶುರು ಮಾಡಬೇಕು.

ಅವತ್ತು ಕಿತ್ತು ತಂದ ಬಾಗಿಲು ನಮ್ಮನೆಯವರ ಸೋದರಮಾವನ ಮನೆಯಲ್ಲಿ ಈಗಲೂ ಇದೆ. ಹಲಸಿನ ಮರದ್ದು. ನಾನು ಎಷ್ಟೋ ಸಲ ಅದರೊಳಗೆ ತಲೆ ಬಗ್ಗಿಸಿ ಹೋಗಿದ್ದೇನೆ, ಹಳೇ ಕಾಲದ ಬಾಗಿಲು, ಗಿಡ್ಡ ಇದೆ ಅಂತ ಅಂದುಕೊಂಡಿದ್ದೆ ಅಷ್ಟೆ. "ರೀ, ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಅಂದರೆ, "ಟೀವಿ ಹಾಕಿಕೊಂಡು ಹೇಳೋ ಮಾತಾ ಇದು" ಅಂದರು. ಆಮೇಲೆ ಬೆಂಕಿ ಆರುವವರೆಗೂ ಇಬ್ಬರೂ ಮಾತಾಡಿದೆವು. ಅವರ ಅಜ್ಜನ ಬಗ್ಗೆ, ನಮ್ಮಪ್ಪನ ಬಗ್ಗೆ, ಮಕ್ಕಳು ಮುಂದೆ ಎಲ್ಲಿ ಇರಬಹುದು ಅನ್ನುವುದರ ಬಗ್ಗೆ. ಮದುವೆಯ ಹೊಸತರಲ್ಲಿ ಹಾಗೆ ಮಾತಾಡುತ್ತಿದ್ದೆವು.

ಬೆಳಗ್ಗೆ ಎಚ್ಚರವಾದಾಗ ಟೆಂಟಿನ ಒಳಬದಿ ಪೂರ್ತಿ ಒದ್ದೆ. ಹೊರಗೆ ಇಬ್ಬನಿ, ಒಳಗೆ ನಮ್ಮಿಬ್ಬರ ಉಸಿರಿನ ಬಿಸಿ. ಎರಡೂ ಸೇರಿ ಬಟ್ಟೆಯ ಮೇಲೆ ಸಣ್ಣ ಸಣ್ಣ ಹನಿ ಕಟ್ಟಿ, ಬೆರಳು ತಾಗಿದರೆ ಸಾಲಾಗಿ ಇಳಿದು ರಗ್ಗಿನ ಮೇಲೆ ಬೀಳುತ್ತಿತ್ತು. ಚಳಿ ಅಂತ ಜಿಪ್ ಪೂರ್ತಿ ಎಳೆದು ಮಲಗಿದರೆ ಹೀಗೇ ಆಗುತ್ತದೆ. ಸೊಳ್ಳೆ ಬಲೆ ಹಾಕಿ, ಮೇಲಿನ ಕಿಟಕಿ ನಾಲ್ಕು ಬೆರಳಷ್ಟು ತೆರೆದಿಟ್ಟರೆ ಗಾಳಿ ಆಡಿ ಒಣಗಿರುತ್ತದೆ ಅಂತ ಶಿಬಿರದ ಹುಡುಗ ಹೇಳಿಕೊಟ್ಟ, ಮಾರನೇ ರಾತ್ರಿ ಹಾಗೇ ಮಾಡಿದೆವು. ಹೊರಗೆ ಬಂದರೆ ಎದುರಿನ ಗುಡ್ಡ, ನೀರು ಏನೂ ಕಾಣಿಸುತ್ತಿರಲಿಲ್ಲ. ಎಲ್ಲಾ ಬಿಳಿ. ಕಾಡುಕೋಳಿ ಕೂಗಿದ್ದು ಮಾತ್ರ ಹತ್ತಿರದಲ್ಲೇ.

ಮುಪ್ಪಾನೆಯಿಂದ ಆಚೆ ದಡದ ಹಲ್ಕೆಗೆ ಲಾಂಚ್ ಇದೆ. ಜನ, ಬೈಕು, ಜೀಪು ಎಲ್ಲವೂ ಒಟ್ಟಿಗೆ ಹತ್ತುತ್ತವೆ. ನಮಗೆ ಆಚೆ ಏನೂ ಕೆಲಸ ಇರಲಿಲ್ಲ, ಸುಮ್ನೆ ಹೋಗಿ ಬಂದೆವು. ಮಿಕ್ಕವರಿಗೆ ಅದು ದಿನದ ದಾರಿ. ಅಕ್ಕಿ ಚೀಲದ ಮೇಲೆ ಕೂತಿದ್ದ ಒಬ್ಬ ಅಜ್ಜಿ, "ಎಲ್ಲಿಯವರು? ನೋಡೋಕೆ ಬಂದ್ರಾ?" ಅಂತ ಮಾತಿಗೆಳೆದರು. ಅತ್ತೆಯ ಊರಿನ ಹೆಸರು ಹೇಳಿದ್ದೇ ತಡ, ಯಾರ ಮನೆ, ಯಾವ ಕೇರಿ, ನಿಮ್ಮ ಅಜ್ಜನ ಹೆಸರೇನು ಅಂತ ಇವರನ್ನು ಬಿಡಲೇ ಇಲ್ಲ. ಲಾಂಚು ದಡ ಮುಟ್ಟುವಷ್ಟರಲ್ಲಿ ದೂರದ ಸಂಬಂಧ ಕೂಡಿಸಿಯೇ ಬಿಟ್ಟಿದ್ದರು.

ನೀರಿನ ಮಧ್ಯೆ ಅಲ್ಲಲ್ಲಿ ಒಣ ಮರಗಳ ಕಾಂಡಗಳು ನಿಂತಿವೆ. ಒಂದರ ಪಕ್ಕದಲ್ಲೇ ಲಾಂಚು ಹಾದುಹೋಯಿತು. ತೊಗಟೆ ಯಾವತ್ತೋ ಹೋಗಿ, ಮೈ ಕಬ್ಬಿಣದ ಬಣ್ಣಕ್ಕೆ ತಿರುಗಿದೆ. ವರ್ಷದಲ್ಲಿ ಅರ್ಧ ಕಾಲ ನೀರಿನೊಳಗಿದ್ದು, ಅರ್ಧ ಕಾಲ ಬಿಸಿಲಿಗೆ ಒಣಗಿ, ನೀರು ನಿಂತ ಮಟ್ಟಗಳು ಕಾಂಡದ ಮೇಲೆ ಗೆರೆ ಗೆರೆಯಾಗಿ ಉಳಿದಿವೆ. ತುದಿಯಲ್ಲಿ ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಅರವತ್ತು ವರ್ಷದ ಹಿಂದೆ ಆ ಮರದ ನೆರಳಲ್ಲಿ ಯಾರಾದರೂ ದನ ಕಟ್ಟಿರಬಹುದು ಅಲ್ವಾ ಅಂತ ಅನ್ನಿಸಿ ನನಗೆ ಗಂಟಲು ಕಟ್ಟಿತು.

ಅಣೆಕಟ್ಟು ತುಂಬಿದರೆ ಮಟ್ಟ 1819 ಅಡಿ, 151 ಟಿಎಂಸಿ ನೀರು. ಮಳೆಗಾಲದಲ್ಲಿ ಶಿವಮೊಗ್ಗದವರು ಬೆಳಗ್ಗೆ ಪೇಪರ್ ತೆರೆದು ಮೊದಲು ನೋಡುವುದು ಆ ಮಟ್ಟವನ್ನೇ. ಇಲ್ಲಿಂದ ಹೋದ ನೀರು ತಳಕಳಲೆ ಜಲಾಶಯ ದಾಟಿ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸಿ 1035 ಮೆಗಾವಾಟ್ ಕರೆಂಟ್ ಕೊಡುತ್ತದೆ. ನಾಡಿಗೆಲ್ಲ ಬೆಳಕು ಕೊಟ್ಟ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಾಗ ಬಿಟ್ಟುಕೊಟ್ಟವರಲ್ಲಿ ಎಷ್ಟೋ ಕುಟುಂಬಗಳಿಗೆ ಇವತ್ತಿಗೂ ಉಳುವ ಜಮೀನಿನ ಹಕ್ಕುಪತ್ರ ಸಿಕ್ಕಿಲ್ಲ. ಹಿನ್ನೀರಿನಾಚೆ ಉಳಿದುಕೊಂಡವರು ಆಸ್ಪತ್ರೆಗೆ ಹೋಗಬೇಕೆಂದರೂ ಲಾಂಚು ಕಾಯಬೇಕಿತ್ತು, ಕತ್ತಲಾದ ಮೇಲೆ ಅದೂ ಇಲ್ಲ. ಸಿಗಂದೂರಿನ ಕಡೆ, ಅಂಬಾರಗೊಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆ ಆಗಿದ್ದು 2025ರ ಜುಲೈನಲ್ಲಿ. ತುಮರಿ ಸುತ್ತಮುತ್ತಲಿನವರು ಅದಕ್ಕಾಗಿ ದಶಕಗಳ ಕಾಲ ಕಾದರು. ಲಾಂಚಿನ ಅಜ್ಜಿ ಅದರ ಮೇಲೆ ಹೋಗಿ ಬಂದಿದ್ದನ್ನು ಹೇಳುವಾಗ ಮುಖ ಅರಳಿತ್ತು.

ಇದೇ ನೀರಿನೊಳಗೆ ಇನ್ನೊಂದು ಅಣೆಕಟ್ಟೂ ಇದೆ. ಹಿರೇಭಾಸ್ಕರ ಅಣೆಕಟ್ಟು, ನಮ್ಮ ಕಡೆ ಮಡೆನೂರು ಅಣೆಕಟ್ಟು ಅಂತಲೂ ಕರೆಯುತ್ತಾರೆ. ಜೋಗದ ಹಳೇ ವಿದ್ಯುತ್ ಕೇಂದ್ರಕ್ಕಾಗಿ 1940ರ ದಶಕದಲ್ಲಿ ಕಟ್ಟಿದ್ದು. ಲಿಂಗನಮಕ್ಕಿ ಬಂದ ಮೇಲೆ ಅದೂ ಮುಳುಗಿತು. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ನೀರು ತುಂಬಾ ಇಳಿದರೆ ಅದು ಮೇಲೆ ಕಾಣಿಸಿಕೊಳ್ಳುತ್ತದೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವೂ ಬಂದಿದೆ, ಅಂದರೆ ಕೆಳಗಿನ ನೀರನ್ನು ಪಂಪ್ ಮಾಡಿ ಮೇಲಕ್ಕೆ ಏರಿಸಿ, ಬೇಕಾದಾಗ ಇಳಿಸಿ ಕರೆಂಟ್ ತೆಗೆಯುವುದು, ಅದೂ ಸಿಂಗಳೀಕದ ಇದೇ ಅಭಯಾರಣ್ಯದೊಳಗೆ. ಕಣಿವೆಯ ಜನ, ಪರಿಸರದವರು ಅದರ ವಿರುದ್ಧ ದನಿ ಎತ್ತುತ್ತಿದ್ದಾರೆ. ನಾನೂ ಅವರ ಕಡೆಯೇ. ಈ ಕಣಿವೆ ಈಗಾಗಲೇ ಕೊಟ್ಟಿದ್ದು ಸಾಕು, ಇನ್ನೂ ಕೇಳುವುದು ನ್ಯಾಯ ಅಲ್ಲ ಅನ್ನುವುದು ನನ್ನ ಮನಸ್ಸಿನ ಮಾತು.

ಭಾನುವಾರ ರಾತ್ರಿ ದೂರದ ಒಂದು ದಡದಲ್ಲಿ ಯಾರೋ ದೊಡ್ಡ ಸ್ಪೀಕರ್ ಹಾಕಿಕೊಂಡು ಕುಣಿಯುತ್ತಿದ್ದರು. ನೀರಿನ ಮೇಲೆ ಶಬ್ದ ಎಷ್ಟು ದೂರ ಬರುತ್ತದೆ ಅಂದರೆ, ಹಾಡಿನ ಸಾಲು ಸಾಲೂ ನಮಗೆ ಕೇಳುತ್ತಿತ್ತು. ನತ್ತಿಂಗ ಅವತ್ತು ಕೂಗಲೇ ಇಲ್ಲ. ಹಿನ್ನೀರಿನ ಸುತ್ತ ಇತ್ತೀಚೆಗೆ ಇದು ಜಾಸ್ತಿಯಾಗಿದೆ. ಕಂಡಲ್ಲಿ ಟೆಂಟು, ಕುಡಿತ, ಬೆಳಗ್ಗೆ ಎದ್ದರೆ ದಡದ ಮೇಲೆ ಒಡೆದ ಬಾಟಲಿ. ನೀರು ಇಳಿದಾಗ ಅದೇ ಜಾಗದಲ್ಲಿ ದನ ಮೇಯುತ್ತವೆ, ಮೀನು ಹಿಡಿಯುವವರು ಬರಿಗಾಲಲ್ಲಿ ನಡೆಯುತ್ತಾರೆ. ಇನ್ನು ಕುಡಿದು ಈಜಲು ಇಳಿಯುವವರಿಗಂತೂ ಕೈಮುಗಿದು ಹೇಳುತ್ತೇನೆ, ಇಳಿಯಬೇಡಿ. ಮೇಲಿನಿಂದ ನೋಡಿದರೆ ಸಮುದ್ರದ ದಂಡೆಯ ಹಾಗೆ ಇಳಿಜಾರು ಕಾಣುತ್ತದೆ, ಆದರೆ ಕೆಳಗೆ ಹಳೇ ಗದ್ದೆಯ ಏರಿ, ತೋಡು, ಮರದ ಬುಡ, ಕಾಲು ಹೂತುಹೋಗುವ ಕೆಸರು ಎಲ್ಲವೂ ಇವೆ. ಒಂದು ಹೆಜ್ಜೆ ಮೊಣಕಾಲು, ಮುಂದಿನ ಹೆಜ್ಜೆ ಆಳು ಮುಳುಗುವಷ್ಟು. ನೀರಿಗೆ ಹೋಗುವುದಾದರೆ ಅಲ್ಲಿನವರನ್ನು ಕೇಳಿ, ಲೈಫ್ ಜಾಕೆಟ್ ಹಾಕಿಕೊಂಡೇ ಹೋಗಿ.

ಹೋಗುವವರು ಅರಣ್ಯ ಇಲಾಖೆಯ ಜಾಲತಾಣದಲ್ಲೇ ಮೊದಲು ಬುಕ್ ಮಾಡಿ. ಸಾಲು ರಜೆಯಾದರೆ ತುಂಬಾ ಮುಂಚೆ. ದಪ್ಪ ಸ್ವೆಟರ್, ಕಿವಿ ಮುಚ್ಚುವ ಟೋಪಿ, ಟಾರ್ಚ್, ತಂದ ಕಸವನ್ನು ವಾಪಸ್ ತರಲು ಒಂದು ಚೀಲ. ಮೀನು ತಿನ್ನುವವರು ಹಿನ್ನೀರಿನ ಮೀನನ್ನು ಕಾರ್ಗಲ್ ಕಡೆಯ ಚಿಕ್ಕ ಹೋಟೆಲ್‌ಗಳಲ್ಲಿ ಕೇಳಿ ನೋಡಿ, ಸಿಕ್ಕ ದಿನ ಬಿಡಬೇಡಿ.

ಸೋಮವಾರ ವಾಪಸ್ ಬರುವಾಗ ಕಾರ್ಗಲ್‌ನಲ್ಲಿ ಸಿಗ್ನಲ್ ಸಿಕ್ಕಿತು. ಅತ್ತೆಗೆ ಫೋನ್ ಮಾಡಿದರೆ, ಊಟ ಹೇಗಿತ್ತು, ಚಳಿ ಇತ್ತಾ ಅಂತ ಏನೂ ಕೇಳಲಿಲ್ಲ. "ನೀರು ಎಷ್ಟು ಇಳಿದಿದೆ?" ಅಂದರು. ಕೆಂಪು ಮಣ್ಣು ಕಾಣುತ್ತಿದೆ, ಇನ್ನೂ ತುಂಬಾ ನೀರಿದೆ ಅಂದೆ. ಲಾಂಚಿನ ಅಜ್ಜಿಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, ಆ ಅಜ್ಜಿಯ ಅಕ್ಕ ತಮ್ಮೊಂದಿಗೆ ಹೊಳೆಯಲ್ಲಿ ಆಡುತ್ತಿದ್ದವಳು ಅಂತ ಗುರುತು ಹಿಡಿದೇಬಿಟ್ಟರು. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ನೀರು ಚೆನ್ನಾಗಿ ಇಳಿದಿದ್ದರೆ ನನ್ನನ್ನೂ ಕರೆದುಕೊಂಡು ಹೋಗಿ ಅಂದಿದ್ದಾರೆ. ಟೆಂಟಿನಲ್ಲಿ ಮಾತ್ರ ಮಲಗುವುದಿಲ್ಲವಂತೆ, ಅವರಿಗೆ ಗೋಡೆ, ಬಾಗಿಲು ಇರುವ ಕೋಣೆಯೇ ಆಗಬೇಕು. ಇವರು ಆ ಅಜ್ಜಿಯ ಮೊಮ್ಮಗನ ನಂಬರ್ ತೆಗೆದುಕೊಂಡಿದ್ದಾರೆ, ಏಪ್ರಿಲ್‌ನಲ್ಲಿ ಒಂದು ಸಲ ಫೋನ್ ಮಾಡಿ ನೀರಿನ ಮಟ್ಟ, ಉಣುಗಿನ ಕಾಟ ಎರಡನ್ನೂ ವಿಚಾರಿಸಿ ಕೋಣೆ ಬುಕ್ ಮಾಡುತ್ತೇವೆ.